ಚೀನಿ ಹೆಸರು ಬೇಕಾ? ಅರ್ಥ ಆಮೇಲೆ ನೋಡೋಣ

ಚೀನಾದ ಗ್ವಾಂಗ್‌ಝೌಗೆ ಬರುವ ನಮ್ಮ ಕಡೆಯವರಿಂದ ನನಗೆ ಬರುವ ಮೆಸೇಜು ಹೆಚ್ಚುಕಮ್ಮಿ ಒಂದೇ. "ಸರ್, ನಂಗೊಂದು ಚೀನಿ ಹೆಸರು ಬೇಕು. ಒಳ್ಳೆ ಅರ್ಥ ಇರೋದು ನೋಡಿ ಹೇಳಿ." ವ್ಯಾಪಾರಕ್ಕೆ ಬಂದವರು, ಮೆಡಿಕಲ್ ಓದಲು ಬಂದವರು, ಯೋಗ ಕಲಿಸಲು ಬಂದವರು, ಎಲ್ಲರದ್ದೂ ಇದೇ ಬೇಡಿಕೆ. ನನ್ನ ಉತ್ತರ ಕೇಳಿ ಕೆಲವರಿಗೆ ಬೇಜಾರೂ ಆಗುತ್ತದೆ. ಅರ್ಥ ಕೊನೆಗೆ ನೋಡಿ ಅನ್ನುತ್ತೇನೆ. ಕೂಗಿದರೆ ಹೇಗೆ ಕೇಳಿಸುತ್ತದೆ? ಫೋನಿನಲ್ಲಿ ಹೇಳಿದರೆ ಎದುರಿನವರು ಬರೆದುಕೊಳ್ಳಬಲ್ಲರಾ? ಮೊದಲು ಇಷ್ಟು ನೋಡಿ.

ಯಾಕೆ ಅಂದರೆ, ಚೀನಿ ಲಿಪಿಯಲ್ಲಿ ಅರ್ಥ ಪುಕ್ಕಟೆ ಸಿಗುತ್ತದೆ. ಅರ್ಥವೇ ಇಲ್ಲದ ಅಕ್ಷರ ಹುಡುಕುವುದೇ ಕಷ್ಟ. ಹಾಗಾಗಿ "ಅರ್ಥ ಇದೆ" ಅನ್ನುವುದು ಒಂದು ಹೆಸರನ್ನು ಆರಿಸಲು ಕಾರಣವೇ ಅಲ್ಲ.

ಮೈಸೂರು ಕಡೆಯ ಯೋಗ ಮೇಷ್ಟ್ರು ಒಬ್ಬರಿದ್ದಾರೆ. ಹೆಸರು ಆನಂದ ಅಂತಲೇ ಇಟ್ಟುಕೊಳ್ಳಿ. ಯಾವುದೋ ಆ್ಯಪ್‌ನಲ್ಲಿ ಹುಡುಕಿ "ಆನ್ ಲೆ" ಅಂತ ಹೆಸರು ತಂದಿದ್ದರು. ಆನ್ ಅಂದರೆ ನೆಮ್ಮದಿ, ಲೆ ಅಂದರೆ ಸಂತೋಷ. ಆನ್ ನಿಜವಾಗಿಯೂ ಚೀನಿಯರಲ್ಲಿ ಇರುವ ಮನೆತನದ ಹೆಸರು ಕೂಡ. ಆನಂದಕ್ಕೆ ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಇನ್ನೇನು ಬೇಕು ಅಲ್ವಾ? ಆದರೆ ದಯಾಮರಣಕ್ಕೆ ಚೀನಿಯರು ಹೇಳುವುದು "ಆನ್ ಲೆ ಸಿ". ಮೊದಲ ಎರಡು ಅಕ್ಷರ ಇವೇ! ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಹಾಕಿಸಿ ಶವಾಸನ ಮಾಡಿಸಲು ಹೊರಟಿದ್ದರು.

"ಅರ್ಥ ಸರಿಯಾಗೇ ಇದೆಯಲ್ಲ ಸರ್" ಅಂದರು.

"ಸರಿಯಾಗಿದೆ ಮೇಷ್ಟ್ರೇ, ಕೇಳಿದವರಿಗೆ ನೆನಪಾಗೋದು ಬೇರೆ."

ಚೀನಾದ ಮುಖ್ಯ ಭಾಷೆಯಾದ ಮ್ಯಾಂಡರಿನ್ನಿನಲ್ಲಿ ಸ್ವರದ ಏರಿಳಿತ ಬಿಟ್ಟರೆ ಇರುವುದು ಸುಮಾರು 400 ಉಚ್ಚಾರಗಳು. ಅಕ್ಷರಗಳು ಸಾವಿರಾರು. ಒಂದೊಂದು ಸದ್ದಿನ ಹಿಂದೆ ಒಂದು ಗುಂಪೇ ನಿಂತಿರುತ್ತದೆ. ವೂ ಅನ್ನುವ ಮನೆತನದವರ ಪಾಡು ನೋಡಿ. "ಇಲ್ಲ" ಅನ್ನುವ ಪದವೂ ಕೇಳಲು ಹಾಗೇ. ಅವರ ಮನೆಯಲ್ಲಿ ಮಗುವಿಗೆ "ದೆ", ಅಂದರೆ ಸದ್ಗುಣ, ಅಂತ ಇಟ್ಟರೆ ಕೇಳಿದವರಿಗೆ "ಗುಣಗೇಡಿ" ಅನ್ನಿಸುತ್ತದೆ. 1970ರ ದಶಕದಲ್ಲಿ ಬೀಜಿಂಗಿನ ಮೇಯರ್ ಆಗಿದ್ದವರ ಹೆಸರೇ ವೂ ದೆ! ಜಿಯಾ ಮನೆತನದವರದ್ದು ಇನ್ನೊಂದು ಕಥೆ. ಆ ಸದ್ದಿಗೆ "ನಕಲಿ" ಅನ್ನುವ ಪದವೂ ಹತ್ತಿರ.

ಈ ಗೊಂದಲಕ್ಕೆ ಅವರೇ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಹೋಟೆಲಿಗೆ ಫೋನ್ ಮಾಡಿ ಟೇಬಲ್ ಹಿಡಿಯುವಾಗ ಕೇಳಿಸಿಕೊಳ್ಳಿ. "ಝಾಂಗ್" ಅಂದರೆ "ಯಾವ ಝಾಂಗ್?" ಅಂತ ಕೇಳುತ್ತಾರೆ. "ಬಿಲ್ಲು, ಉದ್ದ, ಝಾಂಗ್" ಅಂತ ಉತ್ತರ. ಬಿಲ್ಲಿನ ಅಕ್ಷರದ ಪಕ್ಕ ಉದ್ದ ಅನ್ನುವ ಅಕ್ಷರ ಬರೆದರೆ ಆ ಝಾಂಗ್ ಆಗುತ್ತದೆ. ಲೀ ಅನ್ನುವವರು "ಮರ, ಮಗು, ಲೀ" ಅನ್ನುತ್ತಾರೆ. ಚೆನ್ ಆದರೆ "ಕಿವಿ, ಪೂರ್ವ". ಎದುರಿಗೇ ಇದ್ದರೆ ಅಂಗೈ ಚಾಚಿ ತೋರುಬೆರಳಿನಲ್ಲಿ ಬರೆದು ತೋರಿಸುತ್ತಾರೆ. ನೀವು ಆರಿಸಿಕೊಂಡ ಹೆಸರನ್ನು ಹೀಗೆ ಒಂದೇ ಉಸಿರಿನಲ್ಲಿ ಬಿಡಿಸಿ ಹೇಳಲು ಆಗದಿದ್ದರೆ ಜೀವನಪೂರ್ತಿ ಅದೇ ಕೆಲಸ.

ಅಪರೂಪದ ಅಕ್ಷರದ ಆಸೆಯೂ ಬೇಡ. ಕಂಪ್ಯೂಟರಿಗಾಗಿ 1980ರಲ್ಲಿ ಚೀನಾ ಮಾಡಿದ ಅಕ್ಷರಪಟ್ಟಿಯಲ್ಲಿ ಇದ್ದದ್ದು 6,763 ಅಕ್ಷರ. 1998ರಲ್ಲಿ ಪ್ರಧಾನಿಯಾದ ಝು ರೋಂಗ್‌ಜಿ ಅವರ ಹೆಸರಿನ "ರೋಂಗ್" ಅದರಲ್ಲಿ ಇರಲೇ ಇಲ್ಲ. ಎರಡು ಬೇರೆ ಅಕ್ಷರಗಳನ್ನು ಪಕ್ಕಪಕ್ಕ ಅಂಟಿಸಿ ಕೆಲಸ ಸಾಗಿಸುತ್ತಿದ್ದರು. ಈಗಿನ ಪಟ್ಟಿ ಎಷ್ಟೋ ದೊಡ್ಡದು, ನಿಜ. ಆದರೂ ಪ್ರಧಾನಿಗೇ ಹಾಗಾದರೆ ನಿಮಗ್ಯಾಕೆ ಆ ರಗಳೆ?

ನಮ್ಮವರಲ್ಲಿ ಇನ್ನೊಂದು ಆಸೆ ಇರುತ್ತದೆ. "ನಮ್ಮ ತಾತನ ಹೆಸರಿನ ಅರ್ಥ ಬರೋ ಹಾಗೆ ಮಾಡಿ." ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟರೆ ಮನೆಮಂದಿಗೆಲ್ಲ ಖುಷಿ. ಚೀನಾದಲ್ಲಿ ಪೂರ್ತಿ ಉಲ್ಟಾ. ಹಿರಿಯರ ಹೆಸರಿನ ಅಕ್ಷರವನ್ನು ಮಗುವಿಗೆ ಇಡುವುದು ಮರ್ಯಾದೆಗೇಡು. ರಾಜರ ಕಾಲದಲ್ಲಂತೂ ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಯಾರೂ ಬರೆಯುವಂತಿರಲಿಲ್ಲ. ಬೀಜಿಂಗಿನ ಅರಮನೆಯ ಉತ್ತರ ಬಾಗಿಲಿಗೆ ಮೊದಲು ಷುವಾನ್‌ವೂ ಅಂತ ಹೆಸರಿತ್ತು. ಕಾಂಗ್‌ಷಿ ಚಕ್ರವರ್ತಿಯ ಸ್ವಂತ ಹೆಸರಿನಲ್ಲಿ "ಷುವಾನ್" ಇದ್ದದ್ದರಿಂದ ಬಾಗಿಲಿನ ಹೆಸರನ್ನೇ ಶೆನ್‌ವೂ ಅಂತ ಬದಲಾಯಿಸಿದರು. ಇವತ್ತಿಗೂ ಅದೇ ಹೆಸರು. ಅರಮನೆ ನೋಡಿದ ಹೆಚ್ಚಿನವರು ಹೊರಗೆ ಬರುವುದು ಆ ಬಾಗಿಲಿನಿಂದ.

ಒಳ್ಳೆ ಅರ್ಥವೇ ಇರಬೇಕು ಅನ್ನುವ ನಿಯಮ ಚೀನಿಯರಿಗೂ ಇರಲಿಲ್ಲ ಬಿಡಿ. ಹಳ್ಳಿಗಳಲ್ಲಿ ಮಗು ಉಳಿಯಲಿ, ಯಾವ ಕೆಟ್ಟ ಕಣ್ಣೂ ಬೀಳದಿರಲಿ ಅಂತ "ಗೌಶೆಂಗ್", ಅಂದರೆ ನಾಯಿ ತಿಂದು ಬಿಟ್ಟದ್ದು, ಅಂತ ಕರೆಯುತ್ತಿದ್ದರು. ತಿಪ್ಪೆಯಲ್ಲಿ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಟ್ಟ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹೆಣ್ಣುಮಗುವಿಗೆ "ಝಾವ್‌ದಿ", ತಮ್ಮನನ್ನು ಕರೆದುಕೊಂಡು ಬಾ ಅಂತ ಹೆಸರಿಟ್ಟವರೂ ಬೇಕಾದಷ್ಟು ಜನ. ಆ ಹೆಸರಿಗೂ ಅರ್ಥ ಇದೆ. ಯಾರಿಗೆ ಬೇಕು ಅಂಥ ಅರ್ಥ?

ಕಾಲಕ್ಕೆ ತಕ್ಕ ಹೆಸರುಗಳೂ ಇವೆ. "ಜಿಯಾನ್‌ಗುವೊ", ದೇಶ ಕಟ್ಟು, ಅಂದರೆ ವಯಸ್ಸಾದ ಯಜಮಾನರು ಅಂತ ಲೆಕ್ಕ. "ಯುವಾನ್‌ಚಾವ್", ಕೊರಿಯಾಕ್ಕೆ ನೆರವಾಗು, ಅಂದರೆ 1950ರ ಯುದ್ಧದ ಹೊತ್ತಿನಲ್ಲಿ ಹುಟ್ಟಿದವರು. ಈಗಿನ ಶಾಲೆಗಳಲ್ಲಿ ಝಿಹಾನ್ ಅಂತ ಕೂಗಿದರೆ ಒಂದಿಬ್ಬರಾದರೂ ತಿರುಗಿ ನೋಡುತ್ತಾರೆ. ಬೆಂಗಳೂರಿನ ಶಾಲೆಗಳಲ್ಲಿ ವಿಹಾನ್ ಅಂದರೂ ಅಷ್ಟೇ. ಪ್ರಾಸ ನನ್ನದಲ್ಲ, ಸುಮ್ನೆ ಹಾಗೆ ಬಂದಿದೆ.

ಭಾರತದವರ ಚೀನಿ ಹೆಸರುಗಳಲ್ಲಿ ನಾನು ಯಾವಾಗಲೂ ತೋರಿಸುವುದು ಎರಡು. 1924ರ ಮೇ 8ರಂದು ಬೀಜಿಂಗಿನಲ್ಲಿ ರವೀಂದ್ರನಾಥ ಟ್ಯಾಗೋರರ ಹುಟ್ಟುಹಬ್ಬ ಮಾಡಿದಾಗ ವಿದ್ವಾಂಸ ಲಿಯಾಂಗ್ ಚಿಚಾವ್ ಟ್ಯಾಗೋರರಿಗೆ ಝು ಝೆನ್‌ದಾನ್ ಅಂತ ಹೆಸರಿಟ್ಟರು. ಝು ಅನ್ನುವುದು ಭಾರತದ ಹಳೆಯ ಚೀನಿ ಹೆಸರು ತಿಯಾನ್‌ಝುವಿನಿಂದ ಬಂದದ್ದು. ಝೆನ್‌ದಾನ್ ಅನ್ನುವುದು ನಮ್ಮವರು ಚೀನಾವನ್ನು ಕರೆಯುತ್ತಿದ್ದ ಹಳೆಯ ಹೆಸರಿನ ಚೀನಿ ರೂಪ. ಅದರ ಮೇಲೆ ಝೆನ್ ಅಂದರೆ ಗುಡುಗು, ದಾನ್ ಅಂದರೆ ಬೆಳಗು. ಇಂದ್ರನೂ ಬಂದ, ರವಿಯೂ ಬಂದ. ಬುದ್ಧಿವಂತಿಕೆ ಅಂದರೆ ಇದು! ಆದರೆ ಇವತ್ತು ಚೀನಾದ ಶಾಲಾ ಮಕ್ಕಳಿಗೆ ಟ್ಯಾಗೋರರು ಗೊತ್ತಿರುವುದು ತೈಗೆಅರ್ ಅಂತ, ಬರೀ ಸದ್ದಿಗೆ ಜೋಡಿಸಿದ ಹೆಸರಿನಿಂದ. ಝು ಝೆನ್‌ದಾನ್ ಪುಸ್ತಕದಲ್ಲೇ ಉಳಿಯಿತು.

ಇನ್ನೊಂದು, ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರದ್ದು. ಕನ್ನಡ ಮಾತೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ ಹುಟ್ಟಿದವರು. ಜಪಾನ್ ಜೊತೆಗಿನ ಯುದ್ಧದಲ್ಲಿ ಗಾಯಗೊಂಡವರನ್ನು ನೋಡಲು 1938ರಲ್ಲಿ ಭಾರತದಿಂದ ಐದು ಡಾಕ್ಟರುಗಳು ಚೀನಾಕ್ಕೆ ಬಂದರು. ಐವರ ಚೀನಿ ಹೆಸರಿನ ಕೊನೆಗೂ "ಹುವಾ" ಇತ್ತು. ಹುವಾ ಅಂದರೆ ಚೀನಾ. ಕೋಟ್ನಿಸ್ ಆದದ್ದು ಕೆ ದಿಹುವಾ. ಕೆ ಅಲ್ಲಿ ನಿಜವಾಗಿ ಇರುವ ಮನೆತನ, ನಮ್ಮ "ಕೋ"ಗೂ ಹತ್ತಿರ. ದಿ ಒಂದು ಗಿಡದ ಹೆಸರು. ಹಳೆಯ ಚೀನಿ ಕಾವ್ಯದಲ್ಲಿ ಆ ಗಿಡದ ನೆನಪಾದರೆ ಅಣ್ಣತಮ್ಮಂದಿರ ಪ್ರೀತಿಯೂ ನೆನಪಾಗುತ್ತದೆ. ಇಷ್ಟೆಲ್ಲ ತಿಳಿದವರು ತಿಳಿಯಲಿ, ತಿಳಿಯದವರಿಗೆ ಅದು ಕರೆಯಲು ಸುಲಭವಾದ ಒಂದು ಹೆಸರು. "ಕೆ ಡಾಕ್ಟರ್" ಅಂದರೆ ಮುಗಿಯಿತು. 1942ರಲ್ಲಿ, 32ನೇ ವಯಸ್ಸಿಗೆ, ಅವರು ತೀರಿಕೊಂಡರು. ಚೀನಾ ಈಗಲೂ ನೆನೆಯುವುದು ಆ ಹೆಸರಿನಲ್ಲೇ. ಅವರ ಮಗನ ಹೆಸರು ಯಿನ್‌ಹುವಾ. ಯಿನ್ ಅಂದರೆ ಭಾರತ.

ಮೇಷ್ಟ್ರ ವಿಷಯ ಅರ್ಧಕ್ಕೇ ಬಿಟ್ಟೆ. ಆನ್ ಇರಲಿ, ಲೆ ಮಾತ್ರ ಬದಲಾಗಲಿ ಅಂತ ಕೂತೆವು. ಚೀನಿಯರು ಮಗು ಹುಟ್ಟಿದ ಹೊತ್ತು ನೋಡಿ ಮರ, ಬೆಂಕಿ, ಮಣ್ಣು, ಲೋಹ, ನೀರು, ಈ ಐದರಲ್ಲಿ ಯಾವುದು ಕಮ್ಮಿಯೋ ಅದು ಇರುವ ಅಕ್ಷರವನ್ನು ಹೆಸರಿಗೆ ಸೇರಿಸುತ್ತಾರೆ. ನಮ್ಮ ಪುರೋಹಿತರು ನಕ್ಷತ್ರ ನೋಡಿ ಚು, ಚೆ, ಚೋ, ಲ ಅಂತ ಸದ್ದು ಕೊಡುತ್ತಾರೆ. ಚೀನಾದಲ್ಲಿ ಮುಖ್ಯ ಅಕ್ಷರದ ಆಕಾರ. ನೀರು ಬೇಕಾದರೆ ಎಡಗಡೆ ಮೂರು ಹನಿ ಇರುವ ಅಕ್ಷರ. ಮೇಷ್ಟ್ರಿಗೆ ಜಾತಕದಲ್ಲಿ ನಂಬಿಕೆ ಜಾಸ್ತಿ. ಮೂರು ಹನಿ ಬೇಕೇ ಬೇಕು ಅಂದರು. ಆನ್ ಲಾನ್ ಅಂತ ಆಯಿತು. ಲಾನ್ ಅಂದರೆ ದೊಡ್ಡ ಅಲೆ. ಎರಡೂ ಸೇರಿದರೆ ಅಲೆ ಅಡಗಿದ ನೀರು. ಫೋನಿನಲ್ಲಿ ಹೇಳುವುದೂ ಸಲೀಸು. ಕ್ಷೇಮ ಅನ್ನುವ "ಪಿಂಗ್ ಆನ್"ನಲ್ಲಿ ಬರುವ ಆನ್, ಲಾನ್‌ಸಾಂಗ್ ನದಿಯ ಲಾನ್. ಮೆಕಾಂಗ್ ನದಿಗೆ ಚೀನಾದಲ್ಲಿ ಅದೇ ಹೆಸರು. ಗೊತ್ತಿಲ್ಲದವರು ಕಮ್ಮಿ.

ಬೋರ್ಡ್ ಬರೆಸುವ ಮೊದಲು ಒಂದು ಪರೀಕ್ಷೆ ಇಟ್ಟೆವು. ಹೆಸರನ್ನು ವಯಸ್ಸಾದ ಒಬ್ಬರಿಗೆ ತೋರಿಸಬೇಕು, ನಿಮ್ಮ ವಯಸ್ಸಿನ ಒಬ್ಬರಿಗೆ ತೋರಿಸಬೇಕು. ಇವರಿಬ್ಬರೂ ಮರ್ಯಾದೆಗೆ "ಚೆನ್ನಾಗಿದೆ" ಅಂದುಬಿಡುತ್ತಾರೆ, ಅವರನ್ನು ಜಾಸ್ತಿ ನಂಬಬೇಡಿ. ಆಮೇಲೆ ಏಳನೇ ಕ್ಲಾಸಿನ ಒಬ್ಬ ತರಲೆ ಹುಡುಗನಿಗೆ ತೋರಿಸಿ. ಯಾವ ಹೆಸರನ್ನು ಹೇಗೆ ತಿರುಚಿ ರೇಗಿಸಬಹುದು ಅಂತ ಅವನಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹುಡುಗ ಆನ್ ಲಾನ್ ಅಂತ ಎರಡು ಸಲ ಬಾಯಲ್ಲೇ ಹೇಳಿಕೊಂಡ. ನಗು ಬರಲಿಲ್ಲ. ಮತ್ತೆ ಮೊಬೈಲ್ ಗೇಮಿಗೆ ತಲೆ ತಗ್ಗಿಸಿದ. ಮೇಷ್ಟ್ರು ಅಲ್ಲಿಂದ ಸೀದಾ ಬೋರ್ಡ್ ಬರೆಯುವವನ ಅಂಗಡಿಗೆ ಹೋದರು.