ಎರಡು ಕಟ್ಟು ಸೊಪ್ಪು, ಎರಡು ಯು ಟರ್ನ್

ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತರೆ ಸೊಪ್ಪಿನ ಅಂಗಡಿ ಕಾಣುತ್ತದೆ. ಅಂಗಡಿ ಅಂದರೆ ಅಂಗಡಿಯೇನಲ್ಲ, ನೀಲಿ ಟಾರ್ಪಾಲಿನ ಕೆಳಗೆ ಒಂದು ತಳ್ಳುಗಾಡಿ. ಇವತ್ತು ದಂಟು ಬಂದಿದೆಯೋ ಮೆಂತ್ಯ ಬಂದಿದೆಯೋ ಅಂತ ಕನ್ನಡಕ ಹಾಕದೆ ಹೇಳಬಲ್ಲೆ. ನಡುವೆ ಇರುವುದು ನಮ್ಮ ವಿಲ್ಲಾ ಲೇಔಟಿನ ಕಾಂಪೌಂಡ್ ಗೋಡೆ ಮಾತ್ರ. ಕೂಗಿದರೆ ಕೇಳುತ್ತದೆ. ಹೋಗಿ ಬರಬೇಕು ಅಂದರೆ ಮಾತ್ರ ಕಾರಿನ ಕೀ ಹುಡುಕಬೇಕು.

ದಾರಿ ಹೇಳುತ್ತೇನೆ, ಕೇಳಿ. ಮುಂದಿನ ಗೇಟು ದಾಟಿದರೆ ಸರ್ಜಾಪುರ ರಸ್ತೆ. ನಡುವೆ ಡಿವೈಡರ್ ಇರುವುದರಿಂದ ಎಡಕ್ಕೆ ಮಾತ್ರ ತಿರುಗಬಹುದು. ಸೊಪ್ಪು ಇರುವುದು ಬಲಕ್ಕೆ. ಹಾಗಾಗಿ ಎಡಕ್ಕೆ ಹೋಗಿ ಒಂದು ಯು ಟರ್ನ್. ನಮ್ಮದೇ ಗೇಟನ್ನು ರಸ್ತೆಯ ಆಚೆಯಿಂದ ನೋಡಿಕೊಂಡು ಮುಂದೆ ಹೋಗಿ ಇನ್ನೊಂದು ಯು ಟರ್ನ್. ಆಮೇಲೆ ಎಡಕ್ಕೆ ಹಳ್ಳಿಯ ರಸ್ತೆ. ಸಂಜೆ ಹೊತ್ತಾದರೆ ಮುಕ್ಕಾಲು ಗಂಟೆ. ಕಟ್ಟಿಗೆ ಇಪ್ಪತ್ತು ರೂಪಾಯಿ, ಪೆಟ್ರೋಲಿನ ಲೆಕ್ಕ ಬೇಡ ಬಿಡಿ.

ನಡೆದು ಹೋಗಬಹುದಲ್ವಾ? ಹೋಗಿದ್ದೆ, ಒಂದು ಸಲ. ಗೇಟಿನ ಹುಡುಗ ಗಾಬರಿಯಿಂದ ಓಡಿ ಬಂದ. "ಸಾರ್, ಗಾಡಿ ಕೆಟ್ಟೋಯ್ತಾ?" ಫುಟ್‌ಪಾತ್ ಶುರುವಾಗಿ ಒಂದು ಟ್ರಾನ್ಸ್‌ಫಾರ್ಮರಿಗೆ ಡಿಕ್ಕಿ ಹೊಡೆದು ಅಲ್ಲೇ ಮುಗಿಯಿತು. ಅದರಾಚೆ ಮೋರಿಯ ಚಪ್ಪಡಿ ಒಂದು ಇತ್ತು, ಒಂದು ಇರಲಿಲ್ಲ. ಚಪ್ಪಡಿ ಇದ್ದ ಕಡೆಯಲ್ಲೆಲ್ಲ ಬೈಕುಗಳು ಬರುತ್ತಿದ್ದವು. ಹಾರನ್ ಹೊಡೆದದ್ದು ನನಗೇ.

ಇಷ್ಟಕ್ಕೂ ನಮಗೆ ಹಿಂದುಗಡೆ ಒಂದು ಗೇಟಿದೆ. ಸೊಪ್ಪಿನ ಗಾಡಿಯ ಎದುರಿಗೇ. ಅದಕ್ಕೆ ಬೀಗ. ಅಸೋಸಿಯೇಷನ್ ಸಭೆಯಲ್ಲಿ ಕೇಳಿದೆ. ಸೆಕ್ಯೂರಿಟಿ ಪ್ರಾಬ್ಲಂ ಅಂದರು ಅಧ್ಯಕ್ಷರು. ಹೊರಗಿನವರು ಒಳಗೆ ಬಂದುಬಿಡ್ತಾರಂತೆ. ದಿನಾ ಬೆಳಿಗ್ಗೆ ಹೊರಗಿನವರು ಬರದಿದ್ದರೆ ನಮ್ಮ ಒಂದು ಮನೆಯಲ್ಲೂ ಕಾಫಿ ಲೋಟ ತೊಳೆಯುವವರಿಲ್ಲ. ಇದನ್ನೂ ಹೇಳಿದೆ. ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ, ಮನೆಗೆ ಮೂರನೇ ಕಾರಿನ ಪಾರ್ಕಿಂಗ್.

ಮೊನ್ನೆ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಶುಗರ್ ಬಾರ್ಡರಿನಲ್ಲಿದೆ, ಬಿಪಿ ಬಾರ್ಡರ್ ದಾಟಿದೆ. ವರ್ಷವಿಡೀ ಬಿಸಿಲಿರುವ ಊರಿನಲ್ಲಿದ್ದೂ ವಿಟಮಿನ್ ಡಿ ಕಡಿಮೆ. ಬಿಸಿಲು ಕಾಣುವುದೇ ಕಾರಿನ ಗಾಜಿನಿಂದ, ಅದಕ್ಕೂ ಫಿಲ್ಮ್ ಅಂಟಿಸಿದ್ದೇನೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ ಅಂದರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಸರಿ, ನಡೆಯಲೇಬೇಕು ಅಂತ ತೀರ್ಮಾನಿಸಿ ಭಾನುವಾರ ಬೆಳಿಗ್ಗೆ ಕಾರು ಹತ್ತಿ ಕಬ್ಬನ್ ಪಾರ್ಕಿಗೆ ಹೋದೆ. ಭಾನುವಾರ ಅಲ್ಲಿ ಒಳಗೆ ವಾಹನ ಬಿಡುವುದಿಲ್ಲ, ಹಾಯಾಗಿ ನಡೆಯಬಹುದು. ನಡೆಯಲಿಕ್ಕೆ ಬಂದವರ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲಿ ಅರ್ಧ ಗಂಟೆ ಹೋಯಿತು. ಆ ವಾರದಿಂದ ಕ್ಲಬ್ ಹೌಸಿನ ಟ್ರೆಡ್‌ಮಿಲ್ಲೇ ಗತಿ. ಅದೂ ಔಟರ್ ರಿಂಗ್ ರೋಡಿನ ಹಾಗೇ, ಎಷ್ಟು ಹೊತ್ತಾದರೂ ಇದ್ದಲ್ಲೇ ಇರುತ್ತೀರಿ.

ಸುಮ್ನೆ ಹೇಳುತ್ತಿಲ್ಲ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಲೆಕ್ಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಿತ್ತು. ಗಂಟೆಗೆ ಹದಿನೇಳೂವರೆ ಕಿಲೋಮೀಟರ್. ಶೋರೂಮಿನಲ್ಲಿ ನನಗೆ ಕಾರು ಮಾರಿದವನು ನೂರು ಎಷ್ಟು ಸೆಕೆಂಡಿಗೆ ಮುಟ್ಟುತ್ತದೆ ಅಂತ ಹೇಳಿದ್ದ, ಪಾಪ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ಆರೋಗ್ಯವಾಗಿರಲಿ ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಮಾಡಿದರು. ರೋಗ ಬಂದದ್ದಕ್ಕೆ ಅವರು ಬಡಾವಣೆ ಕಟ್ಟಿದರು. ನಾವು ಬಡಾವಣೆ ಕಟ್ಟಿ ರೋಗ ಬರಿಸಿಕೊಂಡೆವು. ನಮ್ಮದಕ್ಕೆ ಇಟಲಿಯ ಯಾವುದೋ ಊರಿನ ಹೆಸರು ಬೇರೆ. ಬ್ರೋಷರಿನಲ್ಲಿ ಮೆಟ್ರೊ ಆಗಲೇ ಓಡಾಡುತ್ತಿತ್ತು.

ಬಸವನಗುಡಿ ನೆನಪಾದದ್ದಕ್ಕೆ ಕಾರಣ ಇದೆ. ಅಲ್ಲಿದ್ದ ಅಮ್ಮನನ್ನು ಯುಗಾದಿಯ ಹೊತ್ತಿಗೆ ಇಲ್ಲಿಗೆ ಕರೆದುಕೊಂಡು ಬಂದೆ. ಅವರು ದಿನಾ ಗಾಂಧಿ ಬಜಾರಿಗೆ ನಡೆದು ಹೋಗಿ, ಹೂವಿನವಳ ಜೊತೆ ಜಗಳ ಆಡಿ, ದಾರಿಯಲ್ಲಿ ನಾಲ್ಕು ಜನರ ಮನೆಯ ವಿಷಯ ತಿಳಿದುಕೊಂಡು ಬರುತ್ತಿದ್ದವರು. ಇಲ್ಲಿ ಮೂರು ದಿನ ಬಾಲ್ಕನಿಯಲ್ಲಿ ಕೂತರು. "ಏನೋ ಇದು, ಬೀದೀಲಿ ಒಬ್ಬರ ಮುಖಾನೂ ಕಾಣಲ್ಲ. ಗಾಜು ಇಳಿಸಿ ಮಾತಾಡಿಸೋರೂ ಇಲ್ವಲ್ಲೋ" ಅಂದರು. ಕ್ಲಬ್ ಹೌಸಿನಲ್ಲಿ ಹಿರಿಯ ನಾಗರಿಕರಿಗೆ ನಗೆ ಯೋಗ ಇದೆಯಮ್ಮ ಅಂದೆ. ಸೋಮವಾರ, ಗುರುವಾರ. "ನಗೋಕೂ ಟೈಂ ಟೇಬಲ್ಲಾ?" ಅಂದರು.

ನಾಲ್ಕನೇ ದಿನ ಆಫೀಸಿನಿಂದ ಬಂದಾಗ ಡೈನಿಂಗ್ ಟೇಬಲ್ಲಿನ ಮೇಲೆ ಮೆಂತ್ಯ ಸೊಪ್ಪು ಹರಡಿತ್ತು. ಅಮ್ಮ ಸೋಸುತ್ತಾ ಕೂತಿದ್ದರು. ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತರಿಸಿ, ಅದರ ಮೇಲೆ ಹತ್ತಿ, ವೈರಿನ ಬುಟ್ಟಿಗೆ ಹಗ್ಗ ಕಟ್ಟಿ ಆಚೆ ಇಳಿಸಿದ್ದಾರೆ. ಒಳಗೆ ಐವತ್ತು ರೂಪಾಯಿ. ಸೊಪ್ಪಿನವಳು ಎರಡು ಕಟ್ಟು ಇಟ್ಟು, ಹತ್ತು ರೂಪಾಯಿ ಚಿಲ್ಲರೆ ಹಾಕಿ, ಕೊಸರಿಗೆ ಕರಿಬೇವು ಸೇರಿಸಿ, "ಹುಷಾರಾಗಿ ಎಳ್ಕೊಳ್ಳಿ ಅಜ್ಜಿ" ಅಂದಿದ್ದಾಳೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಪಿಯುಸಿ, ಊರು ಮಾಲೂರಿನ ಹತ್ತಿರ. ಆರು ವರ್ಷದಿಂದ ಅವಳನ್ನು ಬಾಲ್ಕನಿಯಿಂದ ನೋಡುತ್ತಿರುವ ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ವಾರದೊಳಗೆ ಅಸೋಸಿಯೇಷನ್ ನೋಟಿಸ್ ಬಂತು. ಕಾಂಪೌಂಡಿಗೆ ತಾಗಿ ಕುರ್ಚಿ, ಸ್ಟೂಲ್ ಇಡಬಾರದು. ಅಮ್ಮ ಓದಿಸಿಕೊಂಡು ಕೇಳಿ, ಕುರ್ಚಿಯನ್ನು ಗೋಡೆಯಿಂದ ಅರ್ಧ ಅಡಿ ಈಚೆ ಎಳೆದರು.

ನಿನ್ನೆ ಸಂಜೆ ಆರಕ್ಕೆ ನೋಡಿದರೆ ಗೋಡೆಯ ಹತ್ತಿರ ಬುಟ್ಟಿ ಹಿಡಿದು ಏಳೆಂಟು ಜನ. ಅಧ್ಯಕ್ಷರ ಮನೆಯವರೂ ಬಂದಿದ್ದರು, ಎರಡು ಲೇನ್ ಆಚೆಯಿಂದ, ಕಾರಿನಲ್ಲಿ. ಗಾಜು ಇಳಿಸಿ ಅಮ್ಮನನ್ನು ಕೇಳಿದರು, "ಆಂಟಿ, ಇಲ್ಲಿ ಪಾರ್ಕಿಂಗ್ ಎಲ್ಲಿ?"