ಮಾದರಿಗೆ ಹೊಂದದ ಮನೆಗಳು

ಕುಟುಂಬಗಳ ಆದಾಯ ಹಂಚಿಕೆಗೆ ಗಣಿತದ ಮಾದರಿ ಕಟ್ಟುವ ವಿದ್ವಾಂಸರನ್ನು ಕುಟುಂಬಗಳಷ್ಟು ಸತಾಯಿಸುವ ವಸ್ತು ಮತ್ತೊಂದಿಲ್ಲ. ಸೂತ್ರ ಸುಂದರವಾಗಿದೆ, ವಕ್ರರೇಖೆ ನುಣುಪಾಗಿದೆ. ಮನೆಗಳು ಮಾತ್ರ ಅದರ ಮೇಲೆ ಸಾಲಾಗಿ ಕೂರಲು ಒಪ್ಪುವುದಿಲ್ಲ.

ಆದಾಯವು ತನ್ನ ಗಾತ್ರಕ್ಕೆ ಅನುಗುಣವಾಗಿಯೇ ಹಿಗ್ಗುತ್ತ ಕುಗ್ಗುತ್ತ ಸಾಗಿದರೆ ಅದರ ಲಾಗರಿದಮ್ ಗಂಟೆಯಾಕಾರದ ರೇಖೆಗೆ ಬಂದು ನಿಲ್ಲುತ್ತದೆಂದು ಫ್ರಾನ್ಸಿನ ಎಂಜಿನಿಯರ್ ರಾಬರ್ಟ್ ಜಿಬ್ರಾ 1931ರಲ್ಲಿ ವಾದಿಸಿದರು. ವಾದ ಸೊಗಸಾಗಿದೆ, ಆದರೆ ಶೂನ್ಯಕ್ಕೆ ಲಾಗರಿದಮ್ ಇಲ್ಲ. ಹೀಗಾಗಿ ಏನೂ ದುಡಿಮೆಯಿಲ್ಲದ ಮನೆ ಹಸಿವಿನಿಂದಲ್ಲ, ಗಣಿತದ ಕಾರಣದಿಂದ ಪಟ್ಟಿಯಿಂದ ಕಣ್ಮರೆಯಾಗುತ್ತದೆ. ಮನಸ್ಸು ಕರಗಿದ ಕೆಲವರು ಎಲ್ಲರ ಆದಾಯಕ್ಕೂ 1 ಸೇರಿಸಿ ಲೆಕ್ಕ ಮುಂದುವರಿಸುತ್ತಾರೆ. ಆ ಮನೆಗೆ ಅಂಕಿಅಂಶ ಶಾಸ್ತ್ರದಿಂದ ಸಂದ ನೆರವು ಈ ಒಂದೇ, ಅದೂ ಕಾಗದದ ಮೇಲೆ.

ಮೇಲ್ತುದಿಯ ಕಥೆ ಇನ್ನೂ ಸ್ವಾರಸ್ಯಕರ. ಶ್ರೀಮಂತರ ಆದಾಯ ಗಂಟೆಯೊಳಗೆ ಹಿಡಿಸದೆ ಉದ್ದನೆಯ ಬಾಲವಾಗಿ ಹೊರಚಾಚುತ್ತದೆಂಬುದನ್ನು ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ 19ನೇ ಶತಮಾನದ ಕೊನೆಯಲ್ಲೇ ತೆರಿಗೆ ದಾಖಲೆಗಳಲ್ಲಿ ಕಂಡುಕೊಂಡಿದ್ದರು. ಅವರ ಲೆಕ್ಕದಲ್ಲಿ ಬಾಲದ ಘಾತಾಂಕ, ಅಂದರೆ ಬಾಲ ಎಷ್ಟು ಬೇಗ ತೆಳುವಾಗುತ್ತದೆಂಬುದರ ಅಳತೆ, ಸುಮಾರು 1.5. ಘಾತಾಂಕ 2ನ್ನು ಮೀರದಿದ್ದರೆ ವೇರಿಯನ್ಸ್ (ಆದಾಯಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಅನಂತವಾಗುತ್ತದೆ. ಅನಂತವನ್ನು ವರದಿಯ ಕೋಷ್ಟಕದಲ್ಲಿ ಅಚ್ಚು ಹಾಕಿಸುವುದು ಶೋಭೆಯಲ್ಲವೆಂದೋ ಏನೋ, ಸಮೀಕ್ಷೆಗಳು ಒಂದು ಮಿತಿಯ ಮೇಲಿನ ಆದಾಯವನ್ನೆಲ್ಲ ಆ ಮಿತಿಗೇ ಇಳಿಸಿ ಬರೆದುಕೊಳ್ಳುವುದುಂಟು. ಮೇಲಾಗಿ ಅತಿ ಶ್ರೀಮಂತರು ಸಮೀಕ್ಷೆಯವರಿಗೆ ಬಾಗಿಲು ತೆರೆಯುವುದೇ ಅಪರೂಪ. ಅಷ್ಟಾಗಿಯೂ ಒಬ್ಬರು ಸತ್ಯ ನುಡಿದುಬಿಟ್ಟರೆ ಅವರ ಉತ್ತರವನ್ನು ‘ಔಟ್‌ಲೈಯರ್’ (ಸಾಲಿನಿಂದ ದೂರ ಬಿದ್ದ ಅಂಕಿ) ಎಂದು ಕರೆದು ಗೌರವಪೂರ್ವಕವಾಗಿ ಬದಿಗಿಡಲಾಗುತ್ತದೆ.

ಈ ಗೌರವದ ಬೆಲೆಯೆಷ್ಟೆಂದು ನೋಡಲು ಹತ್ತು ಮನೆ ಸಾಕು. ಒಂಬತ್ತು ಮನೆಗಳ ಆದಾಯ ತಲಾ 10, ಹತ್ತನೆಯದರದು 910 ಎಂದಿಟ್ಟುಕೊಳ್ಳೋಣ. ಸರಾಸರಿ 100. ಅಷ್ಟು ಆದಾಯವಿರುವ ಮನೆ ಹತ್ತರಲ್ಲಿ ಒಂದೂ ಇಲ್ಲದಿದ್ದರೂ ‘ಸರಾಸರಿ ಕುಟುಂಬದ ಏಳಿಗೆ’ಯ ಭಾಷಣಕ್ಕೆ ಅದರಿಂದ ಅಡ್ಡಿಯಾಗದು, ಸಾಲಿನ ನಟ್ಟನಡುವಿನ ಅಂಕಿ, ಅಂದರೆ ಮಧ್ಯಾಂಕವಾದ 10ನ್ನು ಓದಿದರೆ ಚಪ್ಪಾಳೆ ಬೀಳುವುದಿಲ್ಲವಲ್ಲ! ಅಸಮಾನತೆಯನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುವ ಗಿನಿ ಗುಣಾಂಕ ಇಲ್ಲಿ 0.81. ಈಗ ಹತ್ತನೆಯ ಮನೆಯನ್ನು ಔಟ್‌ಲೈಯರ್ ಎಂದು ಅಳಿಸಿದರೆ ಗುಣಾಂಕ ಸೊನ್ನೆಗಿಳಿದು ಪರಿಪೂರ್ಣ ಸಮಾನತೆ ನೆಲೆಗೊಳ್ಳುತ್ತದೆ. ಕ್ರಾಂತಿ ಬೇಡ, ತೆರಿಗೆ ಬೇಡ, ಕೀಲಿಮಣೆಯ ಒಂದು ಗುಂಡಿ ಸಾಕು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನಿಗಾದರೂ ನೋವಾಗಿತ್ತು. ಇಲ್ಲಿ ಅದೂ ಇಲ್ಲ.

ಮನೆಮಂದಿಯನ್ನು ಎಣಿಸುವಾಗಲೂ ಇದೇ ಶಿಸ್ತು. ಬಹಳ ಕಡೆ ಬಳಕೆಯಲ್ಲಿರುವ ಒಂದು ಅಳತೆಗೋಲಿನಲ್ಲಿ ಮೊದಲ ವಯಸ್ಕರಿಗೆ 1, ಉಳಿದ ವಯಸ್ಕರಿಗೆ ತಲಾ 0.5, ಮಗುವಿಗೆ 0.3. ಒಂದೇ ಸೂರಿನಡಿ ಖರ್ಚು ಹಂಚಿಹೋಗುತ್ತದೆಂಬ ತರ್ಕ ಇದರ ಹಿಂದಿರುವುದು ನಿಜ. ಆದರೂ ಊಟಕ್ಕೆ ಕುಳಿತ ಮಗುವಿಗೆ ತಾನು ದಶಾಂಶ ಮೂರು ಎಂಬುದನ್ನು ಯಾರು ತಿಳಿಸಬೇಕೆಂಬುದು ಇನ್ನೂ ತೀರ್ಮಾನವಾದಂತಿಲ್ಲ.

ಜಿಬ್ರಾ ಅವರ ರೇಖೆ ಒಗ್ಗದವರಿಗೆ 1976ರ ಸಿಂಗ್–ಮದ್ದಾಲ ಮಾದರಿಯಿದೆ, 1977ರ ಡಾಗಮ್ ಮಾದರಿಯಿದೆ, ಮೂರು ನಿಯತಾಂಕ (ರೇಖೆಯ ಆಕಾರ ತಿದ್ದುವ ಅಂಕಿ) ಸಾಲದವರಿಗೆ ನಾಲ್ಕರದೂ ಇದೆ. ಅವುಗಳಲ್ಲಿ ಯಾವುದು ಶ್ರೇಷ್ಠವೆಂದು ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಜಗಳ ನಡೆಯುತ್ತದೆ. ಕೊನೆಗೆ ಮಾದರಿಯು ದತ್ತಾಂಶಕ್ಕೆ ಅತ್ಯುತ್ತಮವಾಗಿ ಹೊಂದಿಕೊಂಡಿತೆಂದು ವರದಿ ಸಾರುತ್ತದೆ; ಹೊಂದದ ಮನೆಗಳು ಕೆಳಗಿನಿಂದಲೂ ಮೇಲಿನಿಂದಲೂ ಅಷ್ಟರಲ್ಲಾಗಲೇ ಜಾಗ ಖಾಲಿ ಮಾಡಿರುತ್ತವೆ.