ಹೆಲ್ಮೆಟ್ಟಿನೊಳಗಿನ ಕೊಬ್ಬರಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹಂಪು ಬಂದ ತಕ್ಷಣ ಸವಾರರ ಎಡಗೈ ಹ್ಯಾಂಡಲ್ ಬಿಟ್ಟು ಹಣೆಗೆ ಹೋಗುತ್ತದೆ. ಎದುರಿನವರು ತಮಗೇ ನಮಸ್ಕಾರ ಅಂದುಕೊಂಡು ಕೈ ಎತ್ತುತ್ತಾರೆ. ನಮಸ್ಕಾರವಲ್ಲ ಸ್ವಾಮಿ, ಮೂಗಿನ ಮೇಲೆ ಜಾರಿದ ಹೆಲ್ಮೆಟ್ಟನ್ನು ಮೇಲಕ್ಕೆ ತಳ್ಳುತ್ತಿರುವುದು. ಇವತ್ತು ಬೆಳಿಗ್ಗೆ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಸಿಗ್ನಲ್ ಬಿಡುವುದರೊಳಗೆ ಒಬ್ಬರು ನಾಲ್ಕು ಸಲ ತಳ್ಳಿದರು. ಐದನೆಯ ಸಲ ಹಿಂದೆ ಕೂತ ಹೆಂಡತಿಯೇ ಕುತ್ತಿಗೆಪಟ್ಟಿ ಹಿಡಿಯುವಂತೆ ಹಿಂದಕ್ಕೆ ಎಳೆದರು.

ಚಪ್ಪಲಿ ಕೊಳ್ಳುವಾಗ ಎರಡೂ ಕಾಲಿಗೆ ಹಾಕಿ ಅಂಗಡಿಯ ಈ ಕೊನೆಯಿಂದ ಆ ಕೊನೆಗೆ ನಡೆಯುವ ನಾವು, ಹೆಲ್ಮೆಟ್ ಮಾತ್ರ ಛತ್ರಿಯ ಹಾಗೆ ಕೊಳ್ಳುತ್ತೇವೆ. 'ಒಂಚೂರು ದೊಡ್ಡದೇ ಇರಲಿ, ಅಪ್ಪನಿಗೂ ಆಗುತ್ತೆ, ತಮ್ಮನಿಗೂ ಆಗುತ್ತೆ.' ಉಳಿದದ್ದು 500 ರೂಪಾಯಿ ದಂಡದ ಭಯ.

ಸಡಿಲ ಹೆಲ್ಮೆಟ್ಟಿನ ತಂಟೆಯನ್ನು ಕೊಬ್ಬರಿಯ ತಿಪಟೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಸಿ ಕಾಯಿಯ ತಿರುಳು ಚಿಪ್ಪಿಗೆ ಕಚ್ಚಿಕೊಂಡಿರುತ್ತದೆ. ಅದೇ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಉಂಡೆ ಕೊಬ್ಬರಿಗೆ ಅದು ಲಕ್ಷಣ, ಹೆಲ್ಮೆಟ್ಟಿಗೆ ಅವಲಕ್ಷಣ. ಲೊಡಲೊಡ ಹೆಲ್ಮೆಟ್ಟು ಬಿದ್ದ ಹೊತ್ತಿನಲ್ಲಿ ತಲೆಗಿಂತ ಮೊದಲು ತಾನೇ ಎದ್ದು ಹೋಗುತ್ತದೆ.

ಇನ್ನು ಅಂಗಡಿಯಣ್ಣ. ಆತ ನಿಮ್ಮ ತಲೆಯನ್ನು ನೋಡುವುದೇ ಇಲ್ಲ. ಕಲ್ಲಂಗಡಿ ಹಣ್ಣಿಗೆ ಬಡಿದಂತೆ ಹೆಲ್ಮೆಟ್ಟಿಗೆ ಟಕಟಕ ಬಡಿಯುತ್ತಾನೆ. 'ಹೆಂಗೈತೆ ನೋಡಿ ಗಟ್ಟಿ!' ನೀವು ಮಾತಾಡದಿದ್ದರೆ ನೆಲಕ್ಕೆ ಎತ್ತಿ ಹಾಕುತ್ತಾನೆ. ಆಗಲೂ ಸುಮ್ಮನಿದ್ದರೆ ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋಗುವವನ ಹಾಗೆ, ಅದರ ಮೇಲೆ ಹತ್ತಿ ನಿಲ್ಲುತ್ತಾನೆ. 'ಏನಾದ್ರೂ ಆಯ್ತಾ ಸಾ?' ಆಗಿರುತ್ತದೆ, ಹೊರಗೆ ಕಾಣುವುದಿಲ್ಲ ಅಷ್ಟೇ. ತಲೆ ಉಳಿಸುವುದರಲ್ಲಿ ದೊಡ್ಡ ಪಾಲು ಒಳಗಿನ ಥರ್ಮಕೋಲಿನದು. ಪೆಟ್ಟು ಬಿದ್ದಾಗ ಅದು ತಾನು ಅಮುಕಿಕೊಂಡು ಏಟನ್ನು ನುಂಗುತ್ತದೆ, ಆಮೇಲೆ ಮತ್ತೆ ಉಬ್ಬುವುದಿಲ್ಲ. ದಿನಕ್ಕೆ ಹತ್ತು ಗಿರಾಕಿಗಳ ಮುಂದೆ ಎತ್ತಿ ಹಾಕಿಸಿಕೊಂಡ ಆ ಪೀಸನ್ನು ಸಂಜೆ ಒರೆಸಿ, ಕವರ್ ಹಾಕಿ, ಹನ್ನೊಂದನೆಯ ಗಿರಾಕಿಗೆ ಕೊಡುವುದು ಬೇರೆ. ಆ ಹನ್ನೊಂದನೆಯವರು ನೀವಾಗಬೇಡಿ. ಮೇಲಿಂದ ಇಳಿಸಿದ, ಬಾಕ್ಸಿನಲ್ಲಿರುವುದನ್ನು ಕೇಳಿ.

ಹೋಗುವ ಮೊದಲು ಮನೆಯಲ್ಲಿ ದರ್ಜಿಯ ಟೇಪು ಹಿಡಿಯಿರಿ. ಹುಬ್ಬಿನಿಂದ ಒಂದು ಬೆರಳಗಲ ಮೇಲೆ, ಕಿವಿಯ ಮೇಲ್ಗಡೆಯಿಂದ, ಹಿಂದೆ ಬುರುಡೆ ಉಬ್ಬಿರುವ ಕಡೆ ಸುತ್ತಿ. 23 ಇಂಚು ಬಂದರೆ ಸುಮಾರು 58 ಸೆಂ.ಮೀ., ಅಂದರೆ 580 ಮಿ.ಮೀ.ನ ಮೀಡಿಯಂ. ಸಾಮಾನ್ಯವಾಗಿ 600 ಲಾರ್ಜ್, 620 ಎಕ್ಸ್ಟ್ರಾ ಲಾರ್ಜ್. ಆದರೂ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದ್ದೇ ಇರುತ್ತದೆ.

ಅಳತೆ ಸರಿಯಿದ್ದೂ ಹಣೆ ನೋಯುತ್ತದಲ್ಲ, ಅದು ತಲೆಯ ಆಕಾರದ ತಂಟೆ. ಕೆಲವರದು ಮುದ್ದೆಯಂಥ ಗುಂಡು ತಲೆ, ಕೆಲವರದು ಮಾವಿನಕಾಯಿಯ ಹಾಗೆ ಹಿಂದೆ ಮುಂದೆ ಉದ್ದ. ಉದ್ದ ತಲೆಗೆ ಗುಂಡು ಹೆಲ್ಮೆಟ್ಟು ಹಾಕಿದರೆ ಹಣೆಯ ನಡುವೆ ಒತ್ತುತ್ತದೆ, ಗುಂಡು ತಲೆಗೆ ಉದ್ದದ್ದು ಹಾಕಿದರೆ ತಲೆಯ ಎರಡೂ ಬದಿ. ಇದಕ್ಕೆ ಒಂದು ಸೈಜು ದೊಡ್ಡದು ತಗೊಂಡರೆ ನೋವು ಹೋಗಿ ಲೊಡಲೊಡ ಬರುತ್ತದೆ. ಬದಲಾಯಿಸಬೇಕಾದದ್ದು ಮಾಡೆಲ್ಲು.

ಹಾಗಾಗಿ ಅಂಗಡಿಯಲ್ಲೇ ಹಾಕಿಕೊಂಡು, ಪಟ್ಟಿ ಬಿಗಿದು, ಹದಿನೈದು ನಿಮಿಷ ಕೂತುಬಿಡಿ. ಅಂಗಡಿಯಣ್ಣ ಒಂದು ಥರಾ ನೋಡುತ್ತಾನೆ, ನೋಡಲಿ. ಎರಡೂ ಕೆನ್ನೆಯಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡವರ ಹಾಗೆ ಕಾಣಬೇಕು, ಅದೇ ಸರಿಯಾದ ಬಿಗಿ. ಕೆಲವು ವಾರದಲ್ಲಿ ಪ್ಯಾಡು ಕೂತು ಸಡಿಲವಾಗುತ್ತದೆ. ಹೆಲ್ಮೆಟ್ಟು ಹಿಡಿದು ಆಡಿಸಿದರೆ ಹಣೆಯ ಚರ್ಮವೂ ಜೊತೆಗೆ ಬರಬೇಕು. ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿದರೆ ಕಳಚಿ ಬರಬಾರದು. ತೆಗೆದಾಗ ಹಣೆಯಲ್ಲಿ ಒಂದೇ ಜಾಗದಲ್ಲಿ ಕುಂಕುಮ ಇಟ್ಟಂತೆ ಕೆಂಪಾಗಿದ್ದರೆ ಅದನ್ನು ಅಲ್ಲೇ ಬಿಡಿ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಬೇಕು.

ಐಎಸ್‌ಐ ಗುರುತು, ಹೆಲ್ಮೆಟ್ಟಿನ ಮಾನಕದ ನಂಬರಾದ ಐಎಸ್ 4151, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಕಂಪನಿಯ ಲೈಸೆನ್ಸ್ ನಂಬರು. ಮೂರೂ ಇರಬೇಕು, ಲೈಸೆನ್ಸ್ ನಂಬರನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಐಎಸ್‌ಐ ಇಲ್ಲದ್ದನ್ನು ಮಾರುವುದಕ್ಕೆ 2021ರ ಜೂನ್ 1ರಿಂದ ನಿಷೇಧವಿದೆ. ಹೆದ್ದಾರಿ ಬದಿಯ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿರುವುದಕ್ಕೆ ಅದನ್ನು ಯಾರೂ ಹೇಳಿದಂತಿಲ್ಲ.

ಬಿಗಿಯಾದ ಹೆಲ್ಮೆಟ್ಟಿನಲ್ಲೂ ಒಂದು ಬೇಜಾರಿದೆ. ಮೊದಲು ಎದುರು ಗಾಡಿಯಲ್ಲಿ ಬಂದವರ ಮುಖ ಕಾಣುತ್ತಿತ್ತು. 'ಏನ್ ಮಾವಾ, ಊಟ ಆಯ್ತಾ?' ಅಂತ ಓಡುವ ಗಾಡಿಯಿಂದಲೇ ಕೂಗಬಹುದಿತ್ತು. ಈಗ ಮಾವ ಯಾರು, ಮರಿ ಯಾರು, ಒಂದೂ ತಿಳಿಯುವುದಿಲ್ಲ. ಹಂಪಿನಲ್ಲಿ ಎದ್ದ ಕೈಗೆ ನಾವೂ ಕೈ ಎತ್ತುವುದು ಅದಕ್ಕೇ ಇರಬೇಕು.

ಹಿಂದೆ ಕೂರುವ ಅಮ್ಮಂದಿರ ಕಥೆ ಬೇರೆ. ತುರುಬು ಕಟ್ಟಿದರೆ ಹೆಲ್ಮೆಟ್ಟು ಮುಂದಕ್ಕೆ ಬಾಗಿ ಕಣ್ಣು ಮುಚ್ಚುತ್ತದೆ. ಕತ್ತಿನ ಹತ್ತಿರ ಸಡಿಲ ಜಡೆ ಹಾಕಿ, ಆ ಜಡೆಯಲ್ಲೇ ಅಳತೆ ನೋಡಬೇಕು. ಮುಡಿದ ಮಲ್ಲಿಗೆ ಮಾತ್ರ ಯಾವ ಸೈಜಿನಲ್ಲೂ ಉಳಿಯುವುದಿಲ್ಲ. ತಿಂಗಳಿಗೊಮ್ಮೆ ಪ್ಯಾಡು ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಒಂದು ರೂಪಾಯಿಯ ಶಾಂಪೂ ಹಾಕಿ ನೆನೆಸಿದಾಗ, ಬಾಡಿ ಕಂದಾದ ಎರಡು ಎಸಳು ಬಕೆಟ್ಟಿನಲ್ಲಿ ತೇಲುತ್ತವೆ.